ಪೆಟ್ಟಿಗೆಯ ಕೆಳಗಿನ ಬಿ.ಎಸ್ಸಿ.

ಮಾಡಿದ ಕೆಲಸಕ್ಕೆ ಹೆಸರು ಹಾಕಿಕೊಳ್ಳುವವರನ್ನು ಕಂಡು ನಗುವವರು ಒಮ್ಮೆ ನನ್ನ ಹಾಗೆ ನಂದಗಡದಿಂದ ಖಾನಾಪುರದ ಶಾಲೆಗೆ ನಡೆದು ಬರಲಿ, ಆಮೇಲೆ ಮಾತಾಡೋಣ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿಗಿಂತ ಬಿ.ಎಸ್ಸಿ. ದಪ್ಪಗಿತ್ತು, ಹಾಗೆ ಅಚ್ಚು ಹಾಕಿಸಿದವನೂ ನಾನೇ. ಎಂಬತ್ತರ ದಶಕದ ಕೊನೆಗೆ ಮಚ್ಛೆಯ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಗೋದಾಮಿನ ಮಾಲು ತೋರಿಸುವ ಪ್ರೋಗ್ರಾಂ ಬರೆಯುವ ಕೆಲಸ ನನಗೆ ಬಿತ್ತು. ಪರದೆಯ ನಟ್ಟನಡುವೆ ನನ್ನ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ. ಕೂರಿಸಿದೆ. ಅದರಲ್ಲಿ ತಪ್ಪೇನು?

ತಪ್ಪು ಅಲ್ಲಿಯೇ ಬಂದು ಕುಳಿತಿತು. ಮಾಲೀಕರು ನೋಡಿ ಒಪ್ಪಿದರೆ ಮಾತ್ರ ನನ್ನ ನೌಕರಿ ಕಾಯಂ. ಅವರ ಎದುರಿಗೇ ಸ್ಟೋರ್‌ಕೀಪರ್ ದಸ್ತಗೀರಸಾಬರು ಅಂಕಿ ಒತ್ತುವಲ್ಲಿ ಅಕ್ಷರ ಒತ್ತಿದರು. ನಾನು ಬರೆದಂತೆಯೇ ‘ತಪ್ಪಾಗಿದೆ’ ಎಂಬ ಸಣ್ಣ ಪೆಟ್ಟಿಗೆ ನನ್ನ ಹೆಸರಿನ ಮೇಲೆ ಮೂಡಿತು. ಇನ್ನೊಂದು ಗುಂಡಿ ಒತ್ತಿದರೆ ಅದು ಹೋಗಬೇಕು. ಹೋಗಲಿಲ್ಲ. ಈಗ ಪರದೆಯ ಮೇಲೆ ಓದಲು ಸಿಗುತ್ತಿದ್ದದ್ದು ‘ತಪ್ಪಾಗಿದೆ, ಬಿ.ಎಸ್ಸಿ.’

“ಈ ಬಿ.ಎಸ್ಸಿ. ಯಾವ ಕಾಲೇಜಿಂದ್ರೀ?” ಎಂದರು ದಸ್ತಗೀರಸಾಬರು.

“ನಿನ್ನ ಹೆಸರೆಲ್ಲಿ ಹೋತೋ ತಮ್ಮಾ?” ಎಂದರು ಮಾಲೀಕರು.

“ಕೆಳಗ ಐತ್ರಿ ಸಾಹೇಬ್ರ. ಮ್ಯಾಲಿನ ಪೆಟ್ಟಿಗಿ ಹೋಗೇತ್ರಿ, ಬರೇ ಕಾಣಾಕತ್ತೈತಿ.”

“ಹೋಗಿದ್ದು ಕಾಣತೈತಿ, ಇದ್ದದ್ದು ಕಾಣೂದಿಲ್ಲ! ಖರೇ ಹೇಳು, ನನ್ನ ಗೋದಾಮಿನ ಮಾಲೂ ಹಿಂಗ ಏನು?”

ಸಿಟ್ಟು ನೆತ್ತಿಗೇರಿತು. ಹೆಸರಿನ ಪುಟ, ಅದರ ಮೇಲಿನ ಪೆಟ್ಟಿಗೆ, ಇಂಥ ಚೌಕಗಳಿಗೆ ಕಿಟಕಿ ಎನ್ನುತ್ತಾರೆ; ಅವನ್ನು ಪರದೆಗೆ ಬರೆಯುವುದು ನನ್ನ ಕೆಲಸವಲ್ಲ. ಅದಕ್ಕೆಂದೇ ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಂಗಳ ಕಂತೆ, ಲೈಬ್ರರಿ ಎಂಬುದಿದೆ. ಆ ಲೈಬ್ರರಿ ಮಹಾರಾಯನಿಗೆ ಮೈಗಳ್ಳತನ. ಬದಲಾದ ಅಕ್ಷರಗಳನ್ನಷ್ಟೇ ಪರದೆಗೆ ಕಳಿಸುತ್ತಾನೆ. ಪೆಟ್ಟಿಗೆ ತೆಗೆದು ಕೆಳಗಿನ ಕಿಟಕಿ ತೋರಿಸಪ್ಪಾ ಎಂದರೆ, ‘ಅದರಲ್ಲಿ ಏನೂ ಬದಲಾಗಿಲ್ಲವಲ್ಲ, ಮತ್ತೇಕೆ ಬರೆಯಲಿ?’ ಎಂದು ಸುಮ್ಮನೆ ಕೂರುತ್ತಾನೆ. ಬದಲಾಗಿಲ್ಲ, ಒಪ್ಪಿದೆ. ಮುಚ್ಚಿಹೋಗಿದೆಯಲ್ಲೋ!

ಅದರ ಜೊತೆ ಬಂದ ಪುಸ್ತಕ ತಡಕಾಡಿದಾಗ ಮದ್ದು ಸಿಕ್ಕಿತು. ಕೆಳಗಿನ ಕಿಟಕಿಯನ್ನು ‘ಪೂರ್ತಿ ಮುಟ್ಟಿದ್ದೇನೆ, ಎಲ್ಲವೂ ಬದಲಾಗಿದೆ’ ಎಂದು ಲೈಬ್ರರಿಗೆ ಹೇಳಬೇಕಂತೆ. ಹಸಿ ಸುಳ್ಳು! ಆ ಸುಳ್ಳು ಹೇಳಿದ ಮೇಲೆಯೇ ಈ ಲೈಬ್ರರಿ ನಿಜ ತೋರಿಸುವುದು. ಹೇಳಿದೆ. ಮರುದಿನ ಮಾಲೀಕರ ಮುಂದೆ ಪೆಟ್ಟಿಗೆ ಬಂತು, ಹೋಯಿತು. ಅಡಿಯಿಂದ ನನ್ನ ಹೆಸರು ಇಡಿಯಾಗಿ ಎದ್ದು ಬಂತು.

“ಶಾಬಾಸ್. ನಿನ್ನ ಕಾಯಂ ಮಾಡೇನಿ. ಆದ್ರ ಆ ಹೆಸರು ತಗದು ಕಾರ್ಖಾನಿ ಹೆಸರು ಹಾಕು.”

ತೆಗೆದೆ. ಹೊಟ್ಟೆಪಾಡು.

ಹಲ್ಲು ಕಚ್ಚಿಕೊಂಡು ಖಾನಾಪುರದ ಮನೆಗೆ ಬಂದರೆ, ಬಾಗಿಲ ಬಳಿ ನನ್ನ ಹೆಸರಿನ ಫಲಕದ ಮೊಳೆಗೆ ಹೆಂಡತಿ ಒದ್ದೆ ಛತ್ರಿ ತೂಗುಹಾಕಿದ್ದಾಳೆ!

“ಹೆಸರು ಮುಚ್ಚೇತಿ, ಕಾಣೂದಿಲ್ಲೇನ?”

“ಮುಚ್ಚಿದ್ರ ಏನಾತ್ರಿ? ಕೆಳಗ ಇದ್ದಂಗ ಐತಿ. ನಾ ಏನ ಅಳಿಸೇನೇನು?”

ಥೇಟ್ ಲೈಬ್ರರಿಯ ಮಾತು. ಛತ್ರಿ ಎತ್ತಿದೆ. ಹೆಸರು ಅಲ್ಲೇ ಇತ್ತು, ಬಿ.ಎಸ್ಸಿ. ಸಮೇತ. ಆದರೂ ಯಾಕೋ ನಂಬಿಕೆ ಬರಲಿಲ್ಲ. ಹೆಂಡತಿ ಒಳಗೆ ಹೋಗುವುದನ್ನೇ ಕಾದು, ಫಲಕವನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಮುಟ್ಟಿದೆ.