ದೇವರ ಪಾಲಿನ ತುಪ್ಪ

ಭಾಮಾ: ತುಪ್ಪ ಇಲ್ಲಂದ್ರ ಇಲ್ಲ. ಬೇಕಾದ್ರ ಹೋಳಿಗಿಗೆ ಕಟ್ಟಿನ ಸಾರು ಹಾಕ್ಕೊಳ್ರಿ.

ಮಹಾಲಿಂಗ: ಸಾರಾ? ನಮ್ಮಜ್ಜಗ ಗೊತ್ತಾದ್ರ ಕೈಲಾಸದಾಗ ಊಟ ಬಿಟ್ಟು ಏಳ್ತಾನ.

ಭಾಮಾ: ನಿಮ್ಮಜ್ಜ ಅಕ್ಕನ ಮಗಳನ್ನ ಮಾಡ್ಕೊಂಡ, ನಿಮ್ಮಪ್ಪನೂ ಹಂಗ. ಆಸ್ತಿ ಹೊರಗ ಹೋಗಬಾರದಂತ. ರೋಗನೂ ಹೊರಗ ಹೋಗಲಿಲ್ಲ.

ಮಹಾಲಿಂಗ: ಹೊಲ ಅಣ್ಣನ ಪಾಲಿಗೆ ಹೋತು. ಹಿರೇರ ಆಸ್ತಿ ಅಂತ ನನಗ ದಕ್ಕಿದ್ದು ಈ ಕಣ್ಣಿನ ರೋಗ ಒಂದ.

ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯೊಂದರ ಗುಮಾಸ್ತ ಮಹಾಲಿಂಗನಿಗೆ ಹೋದ ಶ್ರಾವಣದಿಂದ ಹಾಲು, ಮೊಸರು, ತುಪ್ಪ ಬಂದ್. ಅವುಗಳ ಕೊಬ್ಬು ಅವನ ಮೈಯಲ್ಲಿ ಕರಗದೆ ಕಣ್ಣಿಗೇ ಕುತ್ತಾಗುತ್ತದೆ, ಪಥ್ಯ ಹಿಡಿದರೆ ಉಳಿದ ದೃಷ್ಟಿಯಾದರೂ ಉಳಿದೀತು ಎಂದು ಡಾಕ್ಟರು ಹೇಳಿದ್ದರು. ಇದನ್ನು ಅವನು ಆಫೀಸಿನವರಿಗೆಲ್ಲ ಮರಾಠಿಯಲ್ಲಿ ವಿವರಿಸಿದ್ದ. ನಾಲಿಗೆಗೆ ಮಾತ್ರ ಯಾವ ಭಾಷೆಯಲ್ಲೂ ತಿಳಿಹೇಳಲು ಆಗಿರಲಿಲ್ಲ. ಇವತ್ತು ಮನೆದೇವರು ಮೈಲಾರಲಿಂಗನ ನೈವೇದ್ಯ. ಕೈಗೆಟುಕುವಷ್ಟು ದೂರದಲ್ಲಿ, ದೇವರ ಮುಂದೆ, ಬಟ್ಟಲು ತುಂಬ ತುಪ್ಪವಿತ್ತು.

ಮಹಾಲಿಂಗ: ದೇವರು ಉಂಡ ಮ್ಯಾಲ ಅದು ತುಪ್ಪಲ್ಲ, ಪ್ರಸಾದ. ಪ್ರಸಾದಕ್ಕ ಪಥ್ಯ ಇಲ್ಲ.

ಭಾಮಾ: ಡಾಕ್ಟರ್‌ಗೆ ಹೇಳ್ರಿ ಇದನ್ನ.

ಮಹಾಲಿಂಗ: ಅವರು ಸುಮ್ಮನ ಹೆದರಸ್ತಾರ. ಅಕ್ಕಪಕ್ಕದ್ದು ಕಾಣ್ತದೇನು ಅಂತ ಕೇಳ್ತಾರ. ಎಲ್ಲಾ ಕಾಣ್ತದ ಅಂತ ಹೇಳೀನಿ. ನಿನ್ನೆ ಪಿಎಂಟಿ ಬಸ್ಸಿನ ಬೋರ್ಡು ಸೈತ ದೂರದಿಂದ್ಲೇ ಓದೀನಿ.

ಭಾಮಾ: ಓದಿದ್ರಿ. ಬಾಜೂಕ ನಿಂತ ಎಮ್ಮಿಗೆ ಡಿಕ್ಕಿ ಹೊಡದು ‘ಮಾಫ್ ಕರಾ ಮಾವಶಿ’ ಅಂತ ಕ್ಷಮಾ ಕೇಳಿದ್ರಿ.

ಮಹಾಲಿಂಗ: ಎಮ್ಮಿನೂ ಹೆಣ್ಣಲ್ಲೇನು? ಮರ್ಯಾದಿ ಕೊಟ್ಟೆ. ಹೋಗು, ಇನ್ನೊಂದು ಹೋಳಿಗಿ ತಾ.

ಭಾಮಾ ಎದ್ದಳು. ಎದುರಿಗೆ ಯಾರೂ ಇಲ್ಲ. ಮಹಾಲಿಂಗ ಮೈಲಾರಲಿಂಗನಿಗೊಂದು ಕೈ ಮುಗಿದು ಬಟ್ಟಲೆತ್ತಿದ. ಹೋಳಿಗೆ ಮುಳುಗುವ ಹಾಗೆ ಸುರಿದುಕೊಂಡು ದೊಡ್ಡ ತುತ್ತು ಬಾಯಿಗಿಟ್ಟ.

ಭಾಮಾ: ಹೆಂಗದ?

ದನಿ ಪಕ್ಕದಲ್ಲೇ ಕೇಳಿಸಿತು. ಪೂರ್ತಿ ತಲೆ ತಿರುಗಿಸಿದಾಗ ಕಂಡಳು. ಅವನ ಎಡಕ್ಕೆ, ಮೊಳದಷ್ಟು ದೂರದಲ್ಲಿ, ಹೋಳಿಗೆ ಹಿಡಿದು ಕೂತಿದ್ದಳು.

ಮಹಾಲಿಂಗ: ನೀ ಯಾವಾಗ ಬಂದಿ?

ಭಾಮಾ: ಒಳಗ ಹೋಗೇ ಇಲ್ರಿ. ಹೋಳಿಗಿ ಡಬ್ಬಿ ಇಲ್ಲೇ, ನಿಮ್ಮ ಬಾಜೂಕ ಅದ.

ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ದಿಗಿಲಾಯಿತು.

ಭಾಮಾ: ಎಮ್ಮಿದು ಬಿಡ್ರಿ. ಹೆಂಡ್ತಿನೂ ಕಾಣವಲ್ಲಳು ಅಂತ ನನಗರೆ ಹೇಳಬಾರದೇನು?

ಮಹಾಲಿಂಗನಿಗೆ ಹೆದರಿಕೆಯಾಯಿತು. ಡಾಕ್ಟರಿಗೆ ಹೇಳಿದ ಸುಳ್ಳನ್ನು ತಾನೂ ನಂಬಿಕೊಂಡಿದ್ದ. ಅವನು ತಾಟನ್ನು ಮೆಲ್ಲಗೆ ಅವಳ ಕಡೆ ಸರಿಸಿದ.

ಮಹಾಲಿಂಗ: ಇವತ್ತಿಂದ ತುಪ್ಪ ಬಿಟ್ಟೆ.

ಭಾಮಾ: ಮೈಲಾರಲಿಂಗನ ಆಣಿ ಮಾಡ್ರಿ.

ಮಹಾಲಿಂಗ: ಆಣಿ ಯಾಕ ಬೇಕು? ಕದ್ದು ತಿನ್ಲಿಕ್ಕೂ ಕಣ್ಣು ಬೇಕಂತ ಈಗ ತಿಳೀತಲ್ಲ.