ದೊಡ್ಡಪ್ಪನ ಸದ್ದಿಲ್ಲದ ಗಾಡಿ

ನಮ್ಮ ದೊಡ್ಡಪ್ಪನಷ್ಟು ಗಲಾಟೆ ಮಾಡಿ ನಿಶ್ಶಬ್ದವನ್ನು ಕಾಪಾಡಿದವರು ಇಡೀ ಗೋವಿಂದರಾಜನಗರದಲ್ಲಿ ಇನ್ನೊಬ್ಬರು ಸಿಗಲಾರರು! ಗಣೇಶನ ಪೆಂಡಾಲಿನ ಹುಡುಗರು ಸ್ಪೀಕರ್ ಹಚ್ಚಿದರೆ ಸಾಕು, ಇವರು ಮಹಡಿಯ ಮೇಲೆ ನಿಂತು "ಲೋ, ನಿಲ್ಸ್ರೋ ಅದನ್ನ!" ಎಂದು ಕೂಗುತ್ತಿದ್ದರು. ಸ್ಪೀಕರಿನ ಹಾಡು ಪಕ್ಕದ ಕ್ರಾಸಿಗೆ ಕೇಳಿಸಿದರೆ ಇವರ ಕೂಗು ಮಾಗಡಿ ರಸ್ತೆಗೆ ಕೇಳಿಸುತ್ತಿತ್ತು. ಕೊನೆಗೊಂದು ವರ್ಷ ಹುಡುಗರೇ ಮೈಕು ತಂದು ಕೈಗೆ ಕೊಟ್ಟು, "ಇದ್ರಲ್ಲೇ ಬೈರಿ ಅಂಕಲ್, ಗಂಟಲು ನೋಯಲ್ಲ" ಎಂದರು.

ಅವರ ದೊಡ್ಡ ಹಗೆ ಎಂದರೆ ಹಾರ್ನು. ಹಾರ್ನ್ ಹೊಡೆಯುವುದೂ ಒಂದೇ, ದಾರಿಯಲ್ಲಿ ಹೋಗುವವರಿಗೆ ಬೈಯುವುದೂ ಒಂದೇ ಎಂಬುದು ಅವರ ವಾದ. ಸಿಗ್ನಲ್ಲಿನಲ್ಲಿ ಹಿಂದಿನವನು ಪೀಂ ಎಂದರೆ ಗಾಡಿಯಿಂದ ಇಳಿದು ಅವನ ಕಿಟಕಿ ತಟ್ಟಿ, "ಏನ್ ಸಾರ್, ಆ ಕೆಂಪು ದೀಪಕ್ಕೆ ಕಿವಿ ಇದ್ಯಾ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ದೀಪ ಹಸಿರಾಗಿರುತ್ತಿತ್ತು. ಒಂದು ಹಾರ್ನ್ ನಿಲ್ಲಿಸಲು ಹೋದ ಪುಣ್ಯಾತ್ಮರು ಸಾಲಿನಲ್ಲಿದ್ದ ಅಷ್ಟೂ ಹಾರ್ನುಗಳನ್ನು ಎಬ್ಬಿಸಿ ವಾಪಸಾಗುತ್ತಿದ್ದರು! ನಮ್ಮ ತಾತನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ದೊಡ್ಡಪ್ಪನ ಬಾಡಿಗೆ ಮನೆಗಳಿವೆ. ಮನೆ ಕೇಳಿಕೊಂಡು ಬಂದವರನ್ನು ಅವರು ಊರು ಯಾವುದು, ಕೆಲಸ ಏನು ಎಂದು ಕೇಳಿದವರೇ ಅಲ್ಲ. ಮಿಕ್ಸಿ ಎಷ್ಟು ಸದ್ದು ಮಾಡುತ್ತದೆ ಎಂದು ಕೇಳುತ್ತಿದ್ದರು.

ಇಂಥವರ ಸ್ವಂತ ಗಾಡಿ ಯಾವುದು ಗೊತ್ತೇ? ಹಳೆಯ ಡೀಸೆಲ್ ಜೀಪು! ಅದು ಸ್ಟಾರ್ಟ್ ಆದರೆ ಎದುರು ಮನೆಯ ಗೋಡೆಯ ಕ್ಯಾಲೆಂಡರು ಅಲ್ಲಾಡುತ್ತಿತ್ತು. ದೊಡ್ಡಪ್ಪನಿಗೆ ಮಾತ್ರ ಅದು ಕೇಳಿಸುತ್ತಿರಲಿಲ್ಲ. ಅವರವರ ಗೊರಕೆ ಅವರವರಿಗೆ ಕೇಳಿಸುವುದುಂಟೇ?

ಆ ಸದ್ದು ಬೇಕಾಗಿದ್ದದ್ದು ನಮ್ಮ ದೊಡ್ಡಮ್ಮನಿಗೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಅವರಿಗೆ ಈಗ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಆದರೆ ಹಾಲಿನವನ ಬೈಕು, ನೀರಿನ ಕ್ಯಾನಿನ ಆಟೊ, ಮೇಲಿನ ಮನೆಯ ಹುಡುಗಿಯ ಚಪ್ಪಲಿ, ಎಲ್ಲವನ್ನೂ ಅಡುಗೆಮನೆಯಲ್ಲಿ ಕುಳಿತೇ ಹೇಳಿಬಿಡುತ್ತಿದ್ದರು. ಜೀಪು ಮಾಗಡಿ ರಸ್ತೆಯಿಂದ ತಿರುಗಿತೆಂದರೆ ಒಲೆಯ ಮೇಲೆ ಹಾಲು ಇಟ್ಟು, ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ಹೋಗಿ ಗೇಟಿನ ಎರಡೂ ಬಾಗಿಲು ತೆರೆಯುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ, ಎತ್ತಿನ ಗಾಡಿಯ ಕಾಲದಿಂದ, ಯಜಮಾನರು ಬಂದಾಗ ಬಾಗಿಲು ತೆಗೆಯುವ ಕೆಲಸ ಅವರದು. ಬೇರೆ ಯಾರು ತೆಗೆದರೂ ಅವರಿಗೆ ಸಿಟ್ಟು ಬರುತ್ತಿತ್ತು.

ದೊಡ್ಡಪ್ಪ ಅವರನ್ನು ಕರೆಯುತ್ತಿದ್ದದ್ದು "ಇವಳೇ" ಎಂದು. ಚಿಕ್ಕವಳಿದ್ದಾಗ ನಾನು ದೊಡ್ಡಮ್ಮನ ಹೆಸರೇ ಇವಳೇ ಎಂದುಕೊಂಡಿದ್ದೆ. ಕಟ್ಟಿಕೊಂಡವಳ ಹೆಸರು ಹಿಡಿದು ಕೂಗುವುದು ಅವರ ಕಾಲದ ಗಂಡಸರಿಗೆ ಬೀದಿಯಲ್ಲಿ ಬನಿಯನ್ನಿನಲ್ಲಿ ಓಡಾಡಿದಷ್ಟು ನಾಚಿಕೆ!

ಜೀಪು ಹಳೆಯದಾಗಿ ಮೂಲೆಗೆ ಸೇರಿತು. ದೊಡ್ಡಪ್ಪ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಂಡರು. ಜನ್ಮದಲ್ಲಿ ಮೊದಲ ಬಾರಿಗೆ ಅವರ ಮನಸ್ಸಿಗೆ ಒಪ್ಪುವ ಯಂತ್ರ ಸಿಕ್ಕಿತ್ತು. "ಗಾಡಿ ಅಂದ್ರೆ ಇದು ಕಣೇ! ದೇವರ ಮನೆ ಒಳಗೇ ತಂದು ನಿಲ್ಲಿಸ್ಬಹುದು" ಎಂದು ನನ್ನೆದುರು ಕೊಚ್ಚಿಕೊಂಡರು. ಗಾಡಿಯ ಕೆಳಗೆ ಮಲಗುವ ಬೀದಿನಾಯಿ ಕರಿಯನಿಗೆ ಮಾತ್ರ ಈ ಮಾತು ಒಪ್ಪಿಗೆಯಾಗಲಿಲ್ಲ. ಜೀಪಾಗಿದ್ದರೆ ಕೆಮ್ಮುತ್ತಿದ್ದಂತೆ ಎದ್ದು ಮೈಮುರಿದು ಹೋಗುತ್ತಿತ್ತು. ಈ ಗಾಡಿ ಹೇಳದೆ ಕೇಳದೆ ಹೊರಟಿದ್ದರಿಂದ ಬಾಲ ಉಳಿದದ್ದೇ ಹೆಚ್ಚು. ಅಂದಿನಿಂದ ಅದು ಪಕ್ಕದ ಮನೆಯ ಪೆಟ್ರೋಲ್ ಕಾರಿನ ಕೆಳಕ್ಕೆ ಬಿಡಾರ ಬದಲಾಯಿಸಿತು.

ನಾವೆಲ್ಲ ನಕ್ಕೆವು. ನಗು ಬಹಳ ದಿನ ಉಳಿಯಲಿಲ್ಲ.

ಒಂದು ಸಂಜೆ ದೊಡ್ಡಮ್ಮ ಗೇಟು ತೆರೆದಿಟ್ಟು, ನಡುವೆಯೇ ನಿಂತು, ರಸ್ತೆಯ ಕಡೆ ಕಿವಿಗೊಟ್ಟು ಕಾಯುತ್ತಿದ್ದರು. ದೊಡ್ಡಪ್ಪ ಗಾಡಿ ತಿರುಗಿಸಿ ಒಳಗೆ ಬಂದಾಗ ಗೇಟಿನ ಕಂಬ ಅಡ್ಡವಾಗಿದ್ದರಿಂದ ದೊಡ್ಡಮ್ಮ ಕಂಡದ್ದು ಕೊನೇ ಗಳಿಗೆಯಲ್ಲಿ. ಬ್ರೇಕು ಒತ್ತಿದಾಗ ಗಾಡಿಯ ಮೂತಿ ದೊಡ್ಡಮ್ಮನ ಸೀರೆಯ ನೆರಿಗೆಗೆ ತಾಗಿತ್ತು. ಅದು ಗೊತ್ತಾಗದೆ ದೊಡ್ಡಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಇವ್ರು ಇನ್ನೂ ಬಂದೇ ಇಲ್ವಲ್ಲಾ..."

ಪೆಟ್ಟೇನೂ ಆಗಲಿಲ್ಲ. ಆದರೆ ನಡೆದದ್ದು ತಿಳಿದ ಮೇಲೆ, ಮರುದಿನದಿಂದ ದೊಡ್ಡಮ್ಮ ಗೇಟಿಗೆ ಬರುವುದನ್ನು ಬಿಟ್ಟರು. ಮೂಲೆಯ ಹೂವಿನವಳ ಹತ್ತಿರ ಹೋಗುವುದೂ ನಿಂತಿತು. ನಾನು ಕರೆದರೆ, "ಬೇಡ ಕಣೇ. ಕಣ್ಣು ಹೋದಾಗ ಕಿವಿ ಇದ್ಯಲ್ಲ ಅಂದ್ಕೊಂಡಿದ್ದೆ. ಈಗ ಗಾಡಿಗಳು ಕಿವಿಗೂ ಸಿಗಲ್ಲ ಅಂದ್ರೆ ನಾನು ಯಾವುದನ್ನ ನಂಬ್ಕೊಂಡು ಬೀದಿಗೆ ಇಳೀಲಿ?" ಎಂದರು. ಸದ್ದು ಎಂದರೆ ಕಾಟ ಎಂದಷ್ಟೇ ತಿಳಿದಿದ್ದ ನಮಗೆ, ಸದ್ದು ಒಬ್ಬರಿಗೆ ಕೈ ಹಿಡಿದು ನಡೆಸುವ ಆಸರೆಯೂ ಹೌದು ಎಂದು ಹೊಳೆದಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಶಬ್ದದ ಶತ್ರು ಶಬ್ದ ಹುಡುಕಿಕೊಂಡು ಹೊರಟ ಕಥೆ! ಮೊದಲು ಶೋರೂಮಿಗೆ ಹೋದರು. "ಹೊಸ ಮಾಡೆಲ್‌ಗಳಿಗೆ ಸೌಂಡ್ ಕೊಡ್ತಾರೆ ಸಾರ್, ಮೆಲ್ಲಗೆ ಹೋಗೋವಾಗ ಗುಂಯ್ ಅಂತಿರುತ್ತೆ. ನಿಮ್ದು ಹಳೇದು. ಹಾರ್ನ್ ಹೊಡೀರಿ" ಎಂದರಂತೆ. ಹಾರ್ನೇ! ಹೆಂಡತಿಗೆ! ಶೋರೂಮಿನವರು ಕೊಟ್ಟ ಕಾಫಿಯನ್ನೂ ಕುಡಿಯದೆ ದೊಡ್ಡಪ್ಪ ಎದ್ದು ಬಂದರು.

ವಿಜಯನಗರದ ಒಂದು ಅಂಗಡಿಯಲ್ಲಿ ಗಾಡಿಯ ಮುಂದೆ ಪುಟ್ಟ ಸ್ಪೀಕರ್ ಹಾಕಿಸಿದರು. ಅಂಗಡಿಯವನು ಕೇಳಿಸಿದ ರಾಗಗಳಲ್ಲಿ ಇಂಪಾದ ಒಂದನ್ನು ಆರಿಸಿಕೊಂಡರು. ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ಬೀದಿಗೆ ತಿರುಗಿದರೆ ಏನಾಶ್ಚರ್ಯ! ಪ್ರತಿ ಗೇಟಿನಿಂದಲೂ ಹೆಂಗಸರು ಓಡಿ ಬರುತ್ತಿದ್ದಾರೆ, ಒಂದು ಕೈಯಲ್ಲಿ ಹಸಿ ಕಸ, ಇನ್ನೊಂದು ಕೈಯಲ್ಲಿ ಒಣ ಕಸ! ಕಸದ ಆಟೊ ಹಾಡು ಹಾಕಿಕೊಂಡು ಬರುವ ಹೊತ್ತಿಗೆ ದೊಡ್ಡಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಪೇಪರ್ ಓದುವವರು. ಹಾಗಾಗಿ ಆ ರಾಗ ಯಾರದೆಂದು ಇಡೀ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ. "ಹಿಂದಿನ ಡಿಕ್ಕಿ ತೆಗೀರಿ ಅಣ್ಣ" ಎಂದು ಒಬ್ಬಾಕೆ ಮುಖವನ್ನೂ ನೋಡದೆ ಗದರಿದರಂತೆ.

ಒಳಗೆ ದೊಡ್ಡಮ್ಮ ಬಹಳ ದಿನಗಳ ಮೇಲೆ ನಕ್ಕರು. ಆದರೆ, "ಕಸದ ಗಾಡಿ ಬಂತು ಅಂತ ಗೊತ್ತಾಯ್ತು. ನೀವು ಬಂದ್ರಿ ಅಂತ ಗೊತ್ತಾಗ್ಲಿಲ್ಲ" ಎಂದುಬಿಟ್ಟರು.

ಆಮೇಲೆ ಅಟ್ಟದಿಂದ ತಾತನ ಕಾಲದ ಎತ್ತಿನ ಗಂಟೆಗಳು ಇಳಿದವು. ಹುಣಸೆಹಣ್ಣು ಹಾಕಿ ತಿಕ್ಕಿ, ಗಾಡಿಯ ಮುಂದೆ ಸಾಲಾಗಿ ಕಟ್ಟಿದರು. "ಗಂಟೆ ಯಾರನ್ನೂ ಬೈಯಲ್ಲ ಕಣೇ. 'ಬರ್ತಾ ಇದೀನಪ್ಪಾ' ಅನ್ನುತ್ತೆ, ಅಷ್ಟೇ" ಎಂದರು. ಮಾತು ನನಗೂ ಹಿಡಿಸಿತು. ನಮ್ಮ ರಸ್ತೆಯ ಗುಂಡಿಗಳಲ್ಲಿ ಗಂಟೆಗಳು ಘಲ್ಲುಘಲ್ಲೆಂದು ಕುಣಿದವು. ಮೂರು ಮನೆ ಆಚೆಯ ಅಜ್ಜಿ, ಕೋಲೆ ಬಸವ ಬಂತೆಂದು ಮೊರದಲ್ಲಿ ಅಕ್ಕಿ ತಂದು ಬಾನೆಟ್ಟಿನ ಮುಂದಿಟ್ಟು ಕೈಮುಗಿದರು. ಅವರಿಗೂ ದೃಷ್ಟಿ ಅಷ್ಟಕ್ಕಷ್ಟೇ. "ಬಸವಣ್ಣ, ಮೊಮ್ಮಗಳ ಮದುವೆ ಈ ವರ್ಷ ಆಗುತ್ತಾ ಹೇಳಪ್ಪಾ?" ಎಂದು ಕೇಳಿದರು. ಗಾಬರಿಯಾದ ದೊಡ್ಡಪ್ಪ ಕಿಟಕಿ ಇಳಿಸಲು ಹೋಗಿ ವೈಪರಿನ ಸ್ವಿಚ್ ಒತ್ತಿದರು. ವೈಪರು ಇಲ್ಲ, ಇಲ್ಲ ಎಂದು ಅತ್ತಿಂದಿತ್ತ ಆಡಿತು! ಅಜ್ಜಿ ಅಕ್ಕಿಯನ್ನು ವಾಪಸು ತೆಗೆದುಕೊಂಡು ಹೋದರು.

ಗಂಟೆಗಳು ಅಟ್ಟ ಸೇರಿದವು. ಆ ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ಸಪ್ಪಗೆ ಕೂತಿದ್ದರು. "ಈ ಬೀದೀಲಿ ಇರೋ ಸದ್ದಿಗೆಲ್ಲ ಆಗ್ಲೇ ಒಬ್ಬೊಬ್ಬ ಯಜಮಾನ ಇದಾನೆ. ನಂದು ಅನ್ನೋ ಸದ್ದೇ ಇಲ್ಲ" ಎಂದರು. ನಗಬೇಕೆಂದುಕೊಂಡ ನನಗೆ ನಗು ಬರಲಿಲ್ಲ. ಜನ್ಮವಿಡೀ ಸದ್ದನ್ನು ಓಡಿಸಿದ ಮನುಷ್ಯನಿಗೆ ಈಗ ಹಿಡಿಯಷ್ಟು ಸದ್ದು ಬೇಕಾಗಿತ್ತು, ಅದೂ ಹೆಂಡತಿ ಬಾಗಿಲಿಗೆ ಬರಲಿ ಎಂದು. ನನಗೆ ನಿಜಕ್ಕೂ ಸಂಕಟವಾಯಿತು.

ಕೆಲವು ದಿನ ಕಳೆದು, ಅವರ ಪಕ್ಕದ ಸೀಟಿನಲ್ಲಿ ಕೂತು ನಾನೂ ಬರುತ್ತಿದ್ದೆ. ಬೀದಿಗೆ ತಿರುಗಿದರೆ ಎದುರಿಗೆ ದೊಡ್ಡಮ್ಮ! ಹೂವಿನವಳು ಗೇಟಿನ ಹತ್ತಿರ ಬಂದು ಕರೆದಿದ್ದಳಂತೆ. ಹೂ ಕೊಂಡು, ಏನೋ ಮರೆತದ್ದು ನೆನಪಾಗಿ ಅವಳ ಹಿಂದೆ ರಸ್ತೆಗೆ ಇಳಿದುಬಿಟ್ಟಿದ್ದರು. ದೊಡ್ಡಪ್ಪ ಗಕ್ಕನೆ ಬ್ರೇಕು ಹಾಕಿದರು. ಆದರೆ ದೊಡ್ಡಮ್ಮ ನಿಲ್ಲದೆ ಗಾಡಿಯತ್ತಲೇ ನಡೆದು ಬರುತ್ತಿದ್ದರು. ದೊಡ್ಡಪ್ಪನ ಕೈ ಹಾರ್ನಿನ ತನಕ ಹೋಯಿತು. ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

"ಸರೋಜಾ!"

ಇಡೀ ಬೀದಿ ನಿಂತಿತು. ದೊಡ್ಡಮ್ಮನೂ ನಿಂತರು. "ಯಾರೇ ಅದು ಕೂಗಿದ್ದು?"

"ಇನ್ಯಾರಮ್ಮ, ನಿಮ್ಮ ಯಜಮಾನ್ರೇ!" ಎಂದಳು ಹೂವಿನವಳು.

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯಯ್ಯೋ, ಎಷ್ಟು ಜೋರು! ನೋಡಿದವ್ರು ಏನಂದ್ಕೋತಾರೆ" ಎಂದು ಗೊಣಗುತ್ತಾ, ಗೋಡೆ ಹಿಡಿದು ಹಿಂದಕ್ಕೆ ಹೋಗಿ, ಗೇಟಿನ ಎರಡೂ ಬಾಗಿಲು ತೆರೆದರು. ದೊಡ್ಡಪ್ಪನ ಕಿವಿ ಕೆಂಪಗಾಗಿದ್ದನ್ನು ನಾನು ಕಂಡೆ.

ಅಂದಿನಿಂದ ಇದೇ ಪದ್ಧತಿ. ಬೀದಿಗೆ ತಿರುಗಿದ ಕೂಡಲೇ ಕಿಟಕಿ ಇಳಿಯುತ್ತದೆ, "ಸರೋಜಾ..." ಎಂಬ ಕೂಗು ಏಳುತ್ತದೆ. ಕ್ರಿಕೆಟ್ ಆಡುವ ಮಕ್ಕಳು ವಿಕೆಟ್ ಎತ್ತಿಕೊಳ್ಳುತ್ತಾರೆ. ಕರಿಯ ಕೂಡ ಎದ್ದು ಮೈಮುರಿಯುತ್ತದೆ. ಬಾಡಿಗೆಗೆ ಇರುವ ಗದಗಿನ ಹೆಂಗಸು, "ಸರೀರಿ, ಸರೀರಿ, ಸರೋಜಾ ಬಂತು" ಎಂದು ಎಲ್ಲರನ್ನೂ ಎಚ್ಚರಿಸುತ್ತಾರೆ. ನಿಶ್ಶಬ್ದದ ಕಾವಲುಗಾರ ದಿನವೂ ಬೀದಿ ತುಂಬ ಹೆಂಡತಿಯ ಹೆಸರು ಕೂಗುತ್ತಾರೆ, ಒಬ್ಬರೂ ಗಲಾಟೆ ಎನ್ನುವುದಿಲ್ಲ!

ಈಚೆಗೆ ಒಬ್ಬ ಒಳ್ಳೆಯ ಮೆಕ್ಯಾನಿಕ್ ಸಿಕ್ಕಿ, ಗಾಡಿಗೆ ಸರಿಯಾದ ಸದ್ದಿನ ಪೆಟ್ಟಿಗೆ ಕೂರಿಸಿಕೊಟ್ಟಿದ್ದಾನೆ. ಮೆಲ್ಲಗೆ ಬರುವಾಗ ಗಾಡಿ ತಾನೇ ಗುಂಯ್ ಎನ್ನುತ್ತದೆ. ಇನ್ನು ಕೂಗುವ ಕಷ್ಟ ತಪ್ಪಿತು ಎಂದುಕೊಂಡೆ. ಮೊನ್ನೆ ದೊಡ್ಡಮ್ಮನ ಜೊತೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಬೀದಿಯ ಮೂಲೆಯಲ್ಲಿ ಆ ಸದ್ದು ಕೇಳಿಸಿತು. "ದೊಡ್ಡಮ್ಮ, ಬಂದ್ರು" ಎಂದೆ.

ದೊಡ್ಡಮ್ಮ ಅಲ್ಲಾಡಲಿಲ್ಲ. "ಇನ್ನೂ ಇಲ್ಲ, ಸುಮ್ನಿರೇ."

ಗಾಡಿ ಗೇಟಿನ ಹತ್ತಿರ ಬಂತು. ಗುಂಯ್ ಎಂಬ ಸದ್ದೂ ನಿಂತಿತು. ದೊಡ್ಡಮ್ಮ ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಡಿದು, ತಲೆ ಓರೆ ಮಾಡಿಕೊಂಡು ಕಾದರು. ಹೊರಗೆ ಕಿಟಕಿ ಇಳಿಯಿತು.

"ಸರೋಜಾ..."

"ಈಗ ಬಂದ್ರು ನೋಡು" ಎಂದು ದೊಡ್ಡಮ್ಮ ಎದ್ದು, ಒಲೆಯ ಮೇಲೆ ಹಾಲಿಟ್ಟು, ಸೆರಗು ಸರಿಮಾಡಿಕೊಂಡು ಗೇಟು ತೆಗೆಯಲು ಹೋದರು.