ಕುರ್ಚಿಗೊಂದು ಕ್ರಿಯಾಪದ

ಟಪಾಲು ಗುಮಾಸ್ತನ ತಿರುಗು ಕುರ್ಚಿಯ ಸೀಟು ಎಡಕ್ಕೆ ವಾಲಿತ್ತು. ಅದರಲ್ಲಿ ಕೂತು ಕೂತು ಅವನೂ ಎಡಕ್ಕೆ ವಾಲಿಬಿಟ್ಟಿದ್ದ. ಬೀದಿಯಲ್ಲಿ ನಿಂತಾಗಲೂ ಯಾರದೋ ಕಿವಿಯಲ್ಲಿ ಗುಟ್ಟು ಹೇಳುವವನಂತೆ ಕಾಣುತ್ತಿದ್ದ. ಅವನ ಎಡಸೊಂಟಕ್ಕೆ ಎಣ್ಣೆ ತಿಕ್ಕಿ ತಿಕ್ಕಿ ಹೆಂಡತಿ ಸೋತಿದ್ದಳು.

ಅಂದು ಬೆಳಿಗ್ಗೆ ಉಗ್ರಾಣದಲ್ಲಿ ಪ್ಲಾಸ್ಟಿಕ್ ಹೊದ್ದ ಹೊಸ ಕುರ್ಚಿಯೊಂದು ಕಣ್ಣಿಗೆ ಬಿತ್ತು.

"ಸಂಜೆಯೊಳಗೆ ಸಾಹೇಬರ ಸಹಿ ತನ್ನಿ. ಇಲ್ದಿದ್ರೆ ನಾಳೆ ಬೇರೆ ಶಾಖೆಗೆ ಹೋಗತ್ತೆ," ಎಂದ ಉಗ್ರಾಣದವನು.

ಗುಮಾಸ್ತ ಓಡಿಬಂದು, ಕಚೇರಿಯ ಪದ್ಧತಿಯಂತೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದ: ಹಳೆಯ ಕುರ್ಚಿಯನ್ನು 'ರಿಪ್ಲೇಸ್' ಮಾಡಬೇಕು. ಆದರೆ ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಒಂದಾದರೂ ತಿದ್ದುಪಡಿಯಿಲ್ಲದೆ ಯಾವ ಕಾಗದವೂ ಯಾರ ಮೇಜನ್ನೂ ದಾಟುತ್ತಿರಲಿಲ್ಲ. ತಿದ್ದದಿದ್ದರೆ ಓದಿಯೇ ಇಲ್ಲವೆಂದು ಜನ ಅಂದುಕೊಂಡಾರು ಎಂಬ ಭಯ.

ಪಕ್ಕದ ಮೇಜಿನ ಹಿರಿಯ ಗುಮಾಸ್ತೆ ಕನ್ನಡಕ ಏರಿಸಿದರು. "ರಿಪ್ಲೇಸ್ ಅಂದ್ರೆ ಜಗಳಕ್ಕೆ ನಿಂತ ಹಾಗಿರತ್ತೆ ಕಣಪ್ಪಾ. 'ರಿನ್ಯೂ' ಅನ್ನು, ಮೆತ್ತಗಿರತ್ತೆ."

ಸೂಪರಿಂಟೆಂಡೆಂಟರು ನಕ್ಕರು. "ರಿನ್ಯೂ ಮಾಡೋಕೆ ಇದೇನು ಲೈಸೆನ್ಸಾ? 'ಅಪ್‌ಡೇಟ್' ಅಂತ ಹಾಕ್ರೀ."

ಗುಮಾಸ್ತ ಮತ್ತೆ ವಾಲಿಕೊಂಡು ಹೊಸ ಪ್ರತಿ ಬರೆದ. ಉಪವ್ಯವಸ್ಥಾಪಕರು ಊಟ, ಫೋನು, ಆಕಳಿಕೆ ಎಲ್ಲ ಮುಗಿಸಿ ಅದನ್ನು ಕೈಗೆತ್ತಿಕೊಂಡರು. "ಅಪ್‌ಡೇಟ್ ಮಾಡೋದು ಕಂಪ್ಯೂಟರನ್ನ. ಕುರ್ಚೀನ 'ಮಾಡರ್ನೈಸ್' ಮಾಡ್ಬೇಕು."

ಉಗ್ರಾಣದವನು ಬೀಗದ ಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಾಗ ಕಾಗದ ಸಾಹೇಬರ ಮುಂದಿತ್ತು. ಸಾಹೇಬರು 'ಮಾಡರ್ನೈಸ್' ಮೇಲೆ ಗೀಟು ಎಳೆದರು.

"ಏನ್ರೀ ಇದು, ಸುತ್ತಿ ಬಳಸಿ? ನೇರವಾಗಿ 'ರಿಪ್ಲೇಸ್' ಅಂತ ಬರೆಯೋಕೆ ಬರಲ್ವಾ?"

"ತಪ್ಪಾಯ್ತು ಸರ್," ಎಂದ ಗುಮಾಸ್ತ. ಸಹಿ ಬಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು.

ಹೊಸ ಕುರ್ಚಿ ಉರುಳಿಕೊಂಡು ಅವನ ಮೇಜಿನತ್ತ ಬಂತು. ನಿಲ್ಲದೆ ಮುಂದೆ ಹೋಗಿ ಸಾಹೇಬರ ಕೋಣೆ ಹೊಕ್ಕಿತು.

"ಹೊಸದು ಬಂದ್ರೆ ಮೊದ್ಲು ಮೇಲಿನವ್ರಿಗೆ ತಾನೆ," ಎಂದರು ಹಿರಿಯ ಗುಮಾಸ್ತೆ, ಆಗಲೇ ಎದ್ದು ನಿಂತು.

ಸಾಹೇಬರ ಕುರ್ಚಿ ಉಪವ್ಯವಸ್ಥಾಪಕರಿಗೆ ಬಂತು, ಅವರದು ಸೂಪರಿಂಟೆಂಡೆಂಟರಿಗೆ, ಅವರದು ಹಿರಿಯ ಗುಮಾಸ್ತೆಗೆ. ಕಾಗದ ಹತ್ತಿಹೋದ ದಾರಿಯಲ್ಲೇ ಕುರ್ಚಿಗಳು ಇಳಿದುಬಂದವು. ಕೊನೆಗೆ ಆಕೆ ತಮ್ಮದನ್ನು ಗುಮಾಸ್ತನತ್ತ ತಳ್ಳಿದರು.

"ತಗೋಪ್ಪ, ರಿಪ್ಲೇಸ್ ಆಯ್ತಲ್ಲ."

ಅದರ ಸೀಟು ಬಲಕ್ಕೆ ವಾಲಿತ್ತು. ನೆಟ್ಟಗೆ ಮಾಡಿಸಿಕೊಡಿ ಎಂದು ಇನ್ನೊಂದು ಅರ್ಜಿ ಬರೆಯಬಹುದಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಹಾಕಬೇಕೋ ಎಂಬ ಯೋಚನೆ ಬಂದದ್ದೇ ತಡ, ಪೆನ್ನು ಜೇಬು ಸೇರಿತು.

ಗುಮಾಸ್ತ ಅಂಜುತ್ತ ಕೂತ. ಮೆಲ್ಲಗೆ ಬಲಕ್ಕೆ ವಾಲಿದ. ಎಷ್ಟೋ ವರ್ಷಗಳ ಮೇಲೆ ಎಡಸೊಂಟ ಹಗುರಾಯಿತು. "ಅಬ್ಬಾ," ಎಂದು ಸುಖವಾಗಿ ಕಣ್ಣು ಮುಚ್ಚಿದ.

ಬಲಸೊಂಟಕ್ಕೆ ಇನ್ನೂ ವಿಷಯ ಗೊತ್ತಾಗಿರಲಿಲ್ಲ.